ಬೆಂಕಿಗೂ ಕರಗದ ಗ್ರೀಸು

ಸ್ವರೂಪಾ ಫೋನಿನಲ್ಲಿ ಅಳಲಿಲ್ಲ. ಅಳದೇ ಇದ್ದದ್ದೇ ನನಗೆ ಹೆದರಿಕೆ ತಂದಿತು.

"ಮಾಮಾ, ಇವ್ರನ್ನ ಟ್ರ್ಯಾಕ್ಟರಿಗೆ ಕಟ್ಟ್ಯಾರ. ಎಡಗೈದು ಮೂರು ಬೆರಳು ಸುತ್ತಿಗಿಲೆ ಜಜ್ಜ್ಯಾರ. ಬಲಗೈ ನೀವು ಬಂದ ಮ್ಯಾಲ ಅಂತ."

"ನಾ ಬಂದ ಮ್ಯಾಲ ಯಾಕ?"

"ಇವ್ರೇ ಹೇಳ್ಯಾರ್ರೀ. ನಮ್ಮ ಮಾಮಾ ಬಂದು ಜಾಯಿಂಟ್ ಬಿಚ್ಚಿ ನೋಡ್ಲಿ, ಅವ್ರು ನನ್ನ ತಪ್ಪು ಅಂದ್ರ ಬಲಗೈ ನೀವೇ ತಗೋರಿ ಅಂತ. ಪಟೇಲ ಹೂಂ ಅಂದಾನ. ಪೊಲೀಸರಿಗೆ ಹೇಳಿದ್ರ ಅಲ್ಲೇ ಹೊಲದಾಗ ಹೂಳ್ತೀನಿ ಅಂದಾನ."

ಅಮರ್ ನನ್ನ ತಂಗಿಯ ಮಗ. ಸ್ವರೂಪಾ ಅವನ ಹೆಂಡತಿ. ಜಹೀರಾಬಾದಿನಲ್ಲಿ ಹೈವೇ ಪಕ್ಕದ ನನ್ನ ಗಾಡಿ ರಿಪೇರಿ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಕಲಿತು, ನಾರಾಯಣಖೇಡದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ತನ್ನದೇ ಅಂಗಡಿ ಹಾಕಿ ಆರು ವರ್ಷವಾಗಿತ್ತು. ಪಟೇಲ ಅಂದರೆ ವೀರಭದ್ರ. ಕಲ್ಹೇರ್ ರಸ್ತೆಯಲ್ಲಿ ತೊಗರಿ ಹೊಲ, ಹೊಲದಲ್ಲೇ ಮನೆ, ಪೇಟೆಯಲ್ಲಿ ಬೇಳೆಯ ವ್ಯಾಪಾರ. ಅವನ ಅಪ್ಪನ ಲಾರಿಗಳ ಕೆಳಗೆ ನಾನು ಎಷ್ಟೋ ವರ್ಷ ಮಲಗಿದ್ದೇನೆ. ಮನೆಯಲ್ಲಿ ತಾಯಿ ಶಕುಂತಲಾಬಾಯಿ, ತಮ್ಮ ಆನಂದಕುಮಾರ. ಆ ತಮ್ಮ ಮೊನ್ನೆ ಸತ್ತ.

ತಾಂಡೂರಿನಿಂದ ಒಬ್ಬನೇ ಜೀಪಿನಲ್ಲಿ ಬರುತ್ತಿದ್ದ. ಜೀಪಿನ ಹೊಟ್ಟೆಯ ಕೆಳಗೆ, ಮುಂದಿನಿಂದ ಹಿಂದಿನ ಚಕ್ರಕ್ಕೆ ತಿರುಗುತ್ತ ಹೋಗುವ ಉದ್ದನೆಯ ಕಬ್ಬಿಣದ ಕೊಳವೆ ಇರುತ್ತದೆ. ಶಾಫ್ಟು ಅನ್ನುತ್ತೇವೆ. ಅದರ ಎರಡೂ ತುದಿಗೆ ಒಂದೊಂದು ಜಾಯಿಂಟು, ಜಾಯಿಂಟಿನ ಒಳಗೆ ನಾಲ್ಕು ತೋಳಿನ ಕ್ರಾಸು. ಕಲ್ಹೇರ್ ಇನ್ನೂ ಎರಡು ಮೈಲಿ ಇರುವಾಗ ಮುಂದಿನ ಕ್ರಾಸು ಮುರಿಯಿತು. ಶಾಫ್ಟಿನ ತುದಿ ಕೆಳಗೆ ಬಿದ್ದು ಡಾಂಬರಿಗೆ ನಾಟಿತು. ಓಡುತ್ತಿದ್ದ ಜೀಪು ಆ ಕೊಳವೆಯ ಮೇಲೆ ಎದ್ದು ನಿಂತು, ಬೆನ್ನಡಿಯಾಗಿ ಬಿತ್ತು. ಸ್ಟೇರಿಂಗು ಹುಡುಗನ ಎದೆಯೊಳಗೆ ಹೋಗಿತ್ತು. ನಿನ್ನೆ ಮಣ್ಣು ಮಾಡಿದರು. ಮೂರು ತಿಂಗಳ ಹಿಂದೆ, ದಸರೆಯ ಮುಂಚೆ, ಆ ಕ್ರಾಸನ್ನು ಹೊಸದಾಗಿ ಹಾಕಿ, ಗ್ರೀಸು ತುಂಬಿಕೊಟ್ಟವನು ಅಮರ್.

"ಅಂಗಡ್ಯಾಗ ಅವ ಹಾಕೋ ಗ್ರೀಸಿನ ಡಬ್ಬಿ ಇರ್ತದಲ್ಲ, ಅದನ್ನ ತಗೊಂಡು ಬಸ್ ಸ್ಟ್ಯಾಂಡಿಗೆ ಬಾ," ಎಂದು ಸ್ವರೂಪಾಗೆ ಹೇಳಿದೆ. ಚೀಲಕ್ಕೆ ಇಕ್ಕಳ, ಸುತ್ತಿಗೆ, ಒಂದು ಹಳೆಯ ಪಂಚೆಯ ತುಂಡು ಹಾಕಿಕೊಂಡು ಬಸ್ಸು ಹತ್ತಿದೆ.

ಕಿಟಕಿಯ ಪಕ್ಕ ಕೂತು ಅಮರನ ಹೆಗಲನ್ನೇ ನೆನೆಯುತ್ತಿದ್ದೆ. ಅವನ ಎಡ ಹೆಗಲಿನ ಮುಂದಿನ ಮೂಳೆ ಸೊಟ್ಟಗಿದೆ. ಅದನ್ನು ಮುರಿದವನು ನಾನು.

ಗ್ರೀಸೆಲ್ಲ ಒಂದೇ ಅಂತ ಜನ ತಿಳಿಯುತ್ತಾರೆ. ಒಂದೇ ಅಲ್ಲ. ಕಾರಿನ ಮುಂದಿನ ಚಕ್ರಕ್ಕೆ ಹೋಗುವ ಜಾಯಿಂಟಿನಲ್ಲಿ ಗುಂಡುಗಳು ಉರುಳುತ್ತಲೂ ಇರುತ್ತವೆ, ಉಜ್ಜುತ್ತಲೂ ಇರುತ್ತವೆ. ಅದಕ್ಕೆ ಕರಿ ಗ್ರೀಸು ಬೇಕು, ರಬ್ಬರ್ ಚೀಲದೊಳಗೆ ತುಂಬಿ ಪಟ್ಟಿ ಬಿಗಿಯಬೇಕು. ಜೀಪು, ಲಾರಿ, ಟ್ರ್ಯಾಕ್ಟರಿನ ಕ್ರಾಸಿಗೆ ನಾಲ್ಕು ತುದಿಗೆ ನಾಲ್ಕು ಬಟ್ಟಲು, ಬಟ್ಟಲಿನೊಳಗೆ ಸೂಜಿಯಂಥ ಸಣ್ಣ ಉರುಳೆಗಳು. ಅವಕ್ಕೆ ಜೇನಿನ ಬಣ್ಣದ ಗ್ರೀಸು, ಚಳಿಗಾಲದ ಬೆಣ್ಣೆಯಷ್ಟು ಗಟ್ಟಿ. ಕ್ರಾಸಿನ ನಡುವಿನ ಮೊಲೆತೊಟ್ಟಿನಂಥ ರಂಧ್ರಕ್ಕೆ ಪಂಪು ಹಚ್ಚಿ ಒತ್ತಿದರೆ ನಾಲ್ಕೂ ಬಟ್ಟಲಿನ ಬಾಯಿಂದ ಹಳೆಯದು ಹೊರಬಿದ್ದು ಹೊಸದು ಇಣುಕಬೇಕು. ಮೂರರಿಂದ ಬಂದು ನಾಲ್ಕನೆಯದರಿಂದ ಬರಲಿಲ್ಲವೆಂದರೆ ಕೆಲಸ ಆಗಿಲ್ಲ. ಮತ್ತೆ, ಒಂದು ಜಾತಿಯ ಗ್ರೀಸಿನ ಮೇಲೆ ಇನ್ನೊಂದು ಜಾತಿಯದನ್ನು ಹೊಡೆಯಲೇಬಾರದು. ಕೆಲವು ಒಂದನ್ನೊಂದು ತಿನ್ನುತ್ತವೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಅಮರ್ ಒಂದು ಡಬ್ಬಿಯ ತಳದಲ್ಲಿ ಉಳಿದದ್ದನ್ನು ದಂಡವಾಗದಿರಲಿ ಎಂದು ಕೆರೆದು ಇನ್ನೊಂದು ಪಂಪಿಗೆ ತುಂಬಿದ್ದ. ನಾನು ಕೈಯಲ್ಲಿದ್ದ, ಪೈಪು ತಿರುಗಿಸುವ ದಪ್ಪ ಪಾನಾದಿಂದ ಹೆಗಲಿಗೆ ಹೊಡೆದೆ. ಟಕ್ ಅಂತ ಸಪ್ಪಳ ಬಂತು. ತಂಗಿ ಒಂದು ವರ್ಷ ನನ್ನ ಕೂಡ ಮಾತಾಡಲಿಲ್ಲ. ನನ್ನ ಉಸ್ತಾದರು ನನಗೂ ಹಾಗೇ ಕಲಿಸಿದ್ದರು. ಗ್ರೀಸಿಲ್ಲದೆ ಕಾದ ಬೇರಿಂಗನ್ನು ನನ್ನ ಅಂಗೈಗೆ ಒತ್ತಿ ಹಿಡಿದು, ಗಾಡಿಗೆ ಹೀಗೇ ಉರಿಯುತ್ತದೆ ಎಂದಿದ್ದರು. ಅದಕ್ಕಿಂತ ಬೇರೆ ರೀತಿ ನನಗೆ ಗೊತ್ತಿರಲಿಲ್ಲ.

ಅಮರ್ ಎರಡು ಗ್ರೀಸು ಬೆರೆಸಿರಲಾರ. ಅದು ಅವನ ಮೂಳೆಯಲ್ಲೇ ಕೂತಿದೆ. ಆದರೆ ಹಬ್ಬದ ಮುಂದಿನ ಗದ್ದಲದಲ್ಲಿ ನಾಲ್ಕನೇ ಬಾಯಿ ನೋಡದೆ ಬಿಟ್ಟಿದ್ದರೆ? ಅಂಥ ತಪ್ಪು ನಾನೂ ಮಾಡಿದ್ದೇನೆ, ದೇವರು ದೊಡ್ಡವನು, ಯಾರೂ ಸಾಯಲಿಲ್ಲ. ತಪ್ಪು ಅವನದೇ ಎಂದು ಕಂಡರೆ ನಾನು ಏನು ಹೇಳಬೇಕು? ಸುಳ್ಳು ಹೇಳಿದರೆ ನಾಳೆ ಇನ್ನೊಬ್ಬನ ಜೀಪಿನ ಕೆಳಗೆ ಅವನು ಅದೇ ಮಾಡುತ್ತಾನೆ. ನಿಜ ಹೇಳಿದರೆ ಕೈ ಹೋಗುತ್ತದೆ. ಅಷ್ಟರಲ್ಲಿ ನಾರಾಯಣಖೇಡ ಬಂತು.

ಸ್ವರೂಪಾ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದು ನಿಂತಿದ್ದಳು. ಇಬ್ಬರೂ ಆಟೋ ಹತ್ತಿದೆವು.

ವೀರಭದ್ರನ ಅಂಗಳದಲ್ಲಿ ಟ್ರ್ಯಾಕ್ಟರು ಚಾಲೂ ಇತ್ತು. ಅದರ ಹಿಂದೆ ತೊಗರಿ ರಾಶಿ ಮಾಡುವ ಯಂತ್ರ; ಎರಡರ ನಡುವೆ ಸೊಂಟದೆತ್ತರದಲ್ಲಿ ತೆರೆದ ಶಾಫ್ಟು ಗಿರಗಿರ ತಿರುಗುತ್ತಿತ್ತು. ಯಂತ್ರದ ಬಾಯಲ್ಲಿ ತೊಗರಿ ಇರಲಿಲ್ಲ, ಖಾಲಿ ತಿರುಗುತ್ತಿತ್ತು. ಅಮರನನ್ನು ದೊಡ್ಡ ಚಕ್ರಕ್ಕೆ ಹಗ್ಗದಿಂದ ಬಿಗಿದಿದ್ದರು. ಮುಖದ ಒಂದು ಪಕ್ಕ ಬಾತು ಕಣ್ಣು ಮುಚ್ಚಿತ್ತು. ಎಡಗೈ ತೊಡೆಯ ಮೇಲೆ ಬಿದ್ದಿತ್ತು. ಮೂರು ಬೆರಳು ಬೆರಳಿನಂತೆ ಇರಲಿಲ್ಲ. ಹತ್ತಿರ ಇಬ್ಬರು ಆಳುಗಳು ನಿಂತಿದ್ದರು, ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ. ಸ್ವರೂಪಾ ಓಡಿಹೋಗಿ ಗಂಡನ ಪಕ್ಕ ಕೂತಳು. ಯಾರೂ ತಡೆಯಲಿಲ್ಲ.

"ಬರ್ರಿ ಮಾಣಿಕ ಉಸ್ತಾದ್, ಬರ್ರಿ," ಎಂದ ವೀರಭದ್ರ. ಎರಡು ದಿನದಿಂದ ಉಂಡಿರಲಿಲ್ಲ, ನಿದ್ದೆ ಮಾಡಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. "ನಿಮ್ಮ ಅಳಿಯನ ಕೈಕೆಲಸ ನೋಡ್ರಿ."

ಅವನು ಟವೆಲು ಬಿಚ್ಚಿ ಮುರಿದ ಕ್ರಾಸನ್ನು ನನ್ನ ಕಾಲ ಬಳಿ ಚೆಲ್ಲಿದ. ಸೂಜಿಗಳು ಸವೆದು ದಾರದಂತಾಗಿದ್ದವು. ಒಳಗೆಲ್ಲ ಇಟ್ಟಂಗಿ ಪುಡಿಯಂಥ ಕೆಂಪು ತುಕ್ಕು. ಒಂದು ಹನಿ ಜಿಡ್ಡಿಲ್ಲ.

"ಗ್ರೀಸ್ ಎಲ್ಲದ ಇದರಾಗ? ಹೇಳ್ರಿ. ಗ್ರೀಸ್ ಹಾಕೀನಿ ಅಂತ ಹೇಳಿ ನಮ್ಮ ತಮ್ಮನ್ನ ಕೊಂದಾನ ಈ ಹರಾಮ್‌ಖೋರ."

"ಹಾಕೀನ್ರೀ ಮಾಮಾ," ಎಂದ ಅಮರ್. ಬಾಯಲ್ಲಿ ರಕ್ತ ತುಂಬಿ ಮಾತು ತೊದಲುತ್ತಿತ್ತು. "ನಾಕೂ ಬಾಯಿಂದ ಬರೋತನಕ ಹೊಡ್ದೀನಿ."

ಸಲಾಕೆಯವನು ಅವನ ಪಕ್ಕೆಗೆ ಒದ್ದ. ನಾನು ತಿರುಗಿ ನೋಡಲಿಲ್ಲ. ಕಣ್ಣು ಕ್ರಾಸಿನ ಮೇಲೇ ಇಟ್ಟೆ.

"ಪಟೇಲ್ರೆ, ಟ್ರ್ಯಾಕ್ಟರ್ ಬಂದ್ ಮಾಡಿಸ್ರಿ. ಮಾತು ಕೇಳಂಗಿಲ್ಲ."

"ನಡೀಲಿ. ಅದು ಇವನ ಕೈ ಸಲುವಾಗಿ ನಡ್ದದ. ಇವ ಯಾವ ಜಾಯಿಂಟಿಗೆ ಮೋಸ ಮಾಡ್ಯಾನ, ಅಂಥಾದೇ ಜಾಯಿಂಟಿಗೆ ಕೈ ಕೊಡ್ಲಿ."

"ಮುರಿದಿದ್ದು ಏನೂ ಹೇಳಂಗಿಲ್ರಿ. ಅದರಾಗಿಂದೆಲ್ಲ ಸುಟ್ಟುಹೋಗ್ಯದ. ಹಿಂದಿನ ಜಾಯಿಂಟ್ ಮುರಿದಿಲ್ಲಲ್ಲ? ಅದನ್ನ ತರಿಸ್ರಿ. ಅದಕ್ಕೂ ಅವತ್ತೇ ಇವನೇ ಗ್ರೀಸ್ ಹಾಕ್ಯಾನ."

"ನಿಧಾನ ಮಾಡಿದ್ರ ನಾ ಬಿಡ್ತೀನಿ ಅನ್ಕೊಂಡಿ ಏನ್ ಮುದುಕಾ?"

"ನಾ ಯಾವಾಗಲೂ ನಿಧಾನೇ ರಿ. ನಿಮ್ಮ ಅಪ್ಪನೂ ಬೈತಿದ್ದ."

ಅವನು ಆಳಿಗೆ ಕೈಸನ್ನೆ ಮಾಡಿದ. ಅಂಗಳದ ಮೂಲೆಯಲ್ಲಿ ಜೀಪು ಮಗುಚಿ ಬಿದ್ದ ಹಾಗೇ ತಂದು ಹಾಕಿದ್ದರು. ಆಳು ಅದರಿಂದ ಶಾಫ್ಟನ್ನು ಬಿಚ್ಚಿ ತಂದ. ನಾನು ಅದನ್ನು ಟ್ರ್ಯಾಕ್ಟರಿನ ಪಾವಟಿಗೆಯ ಮೇಲಿಟ್ಟುಕೊಂಡು ಕೂತೆ. ಇಕ್ಕಳದಿಂದ ಸ್ಪ್ರಿಂಗ್ ಬಳೆ ತೆಗೆದು, ಮೆಲ್ಲಗೆ ಬಡಿದು, ನಾಲ್ಕೂ ಬಟ್ಟಲು ಇಳಿಸಿದೆ. ಬಾಗಿಲಲ್ಲಿ ಶಕುಂತಲಾಬಾಯಿ ಬಂದು ನಿಂತದ್ದು ಆಗ ಕಂಡಿತು. ಹಣೆಗೆ ಬರೀ ವಿಭೂತಿ, ಕಣ್ಣು ನನ್ನ ಕೈಯ ಮೇಲೆ.

ಬಟ್ಟಲಿನೊಳಗಿಂದ ಒಡೆದ ಹಾಲಿನಂಥದ್ದು ಸುರಿಯಿತು. ನಾಲ್ಕರಿಂದಲೂ. ಮೇಲೆ ತೆಳ್ಳನೆಯ ಎಣ್ಣೆ, ಕೆಳಗೆ ಬೂದು ಬಣ್ಣದ ಗಸಿ. ಬೆರಳಲ್ಲಿ ಉಜ್ಜಿದೆ, ಮೂಸಿದೆ. ನಾಲ್ಕೂ ಬಟ್ಟಲಿಗೆ ಗ್ರೀಸು ಹೋಗಿತ್ತು. ಆದರೆ ಇದು ಅಮರ್ ಹಾಕಿದ ಗ್ರೀಸಾಗಿ ಉಳಿದಿರಲಿಲ್ಲ.

"ಪಟೇಲ್ರೆ, ಈ ಜೀಪಿಗೆ ಇವನ ಕೈ ಬಿಟ್ಟು ಬ್ಯಾರೆ ಯಾರು ಗ್ರೀಸ್ ಹೊಡ್ದಾರ?"

"ಯಾರೂ ಇಲ್ಲ."

ನಾನು ಎದ್ದು ಜೀಪಿನ ಹತ್ತಿರ ಹೋದೆ. ಸೀಟಿನ ಕೆಳಗಿನ ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಳಗೆ ಜಾಕು, ಪಾನಾ, ಮತ್ತೆ ಒಂದು ಗ್ರೀಸ್ ಪಂಪು. ತಂದು ಹಿಡಿ ಒತ್ತಿದೆ. ತುದಿಯಿಂದ ಹುಳದಂತೆ ಹೊರಬಂದದ್ದು ಬೂದು ಬಿಳುಪಿನ ಗ್ರೀಸು, ನುಣ್ಣಗೆ, ಜೇಡಿಮಣ್ಣು ಕಲಸಿದಂತೆ.

ನಮ್ಮ ಸೀಮೆಯ ಗಾಡಿಯವರಿಗೆ ಇದು ಗೊತ್ತು. ತಾಂಡೂರಿನ ಕಡೆ ಸಿಮೆಂಟು ಸುಡುವ ಭಟ್ಟಿಗಳ ದೊಡ್ಡ ಬೇರಿಂಗಿಗೆ ಹಾಕುವಂಥದ್ದು. ಅಲ್ಲಿನ ಅಂಗಡಿಗಳಲ್ಲಿ ಬಿಡಿಯಾಗಿ ಮಾರುತ್ತಾರೆ. ಜೈಪಾಲ ಎಂಬವನು ತನ್ನ ಅಂಗಡಿಯಲ್ಲಿ ಒಂದು ಚಿಟಿಕೆ ಚಮಚದಲ್ಲಿಟ್ಟು, ಕೆಳಗೆ ಬೆಂಕಿ ಹಿಡಿದು ತೋರಿಸುತ್ತಾನೆ: ನೋಡ್ರಿ, ಬೆಂಕಿಗೂ ಕರಗಂಗಿಲ್ಲ. ಜನ ಬೆರಗಾಗಿ ಕೊಳ್ಳುತ್ತಾರೆ. ಬೆಂಕಿಗೇ ಕರಗದ್ದು ಜೀಪಿಗೆ ಎಷ್ಟು ಒಳ್ಳೆಯದಿರಬೇಕು ಎಂದು. ಭಟ್ಟಿಗೆ ಅದು ಒಳ್ಳೆಯದೇ. ಆದರೆ ಜೇನಿನ ಬಣ್ಣದ ಗ್ರೀಸಿನ ಮೇಲೆ ಅದನ್ನು ಹೊಡೆದರೆ ಎರಡೂ ಕೂಡಿ ನೀರಾಗುತ್ತವೆ. ತಿರುಗುವ ಶಾಫ್ಟು ಆ ನೀರನ್ನು ಬಾಯಿಂದ ಹೊರಗೆ ಬೀಸುತ್ತದೆ. ಮುಂದಿನ ಜಾಯಿಂಟಿಗೆ ಕಾವು ಹೆಚ್ಚು, ಅದು ಮೊದಲು ಒಣಗಿತು.

ಬಾಯಿಮಾತಿಗೆ ವೀರಭದ್ರ ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಒಂದು ತಗಡು ತೆಗೆದುಕೊಂಡೆ. ಸ್ವರೂಪಾ ತಂದ ಡಬ್ಬಿಯಿಂದ ಒಂದು ಚಿಟಿಕೆ, ಪಂಪಿನಿಂದ ಒಂದು, ಬಟ್ಟಲಿನಿಂದ ಒಂದು ಇಟ್ಟೆ. ಪಂಚೆಯ ತುಂಡನ್ನು ಡೀಸೆಲಿನಲ್ಲಿ ಅದ್ದಿ, ಹಚ್ಚಿ, ತಗಡಿನ ಕೆಳಗೆ ಹಿಡಿದೆ. ಆಳುಗಳೂ ಬಗ್ಗಿ ನೋಡಿದರು. ಡಬ್ಬಿಯದು ಮೊದಲು ಮಿನುಗಿ, ಆಮೇಲೆ ತುಪ್ಪದಂತೆ ಹರಿದುಹೋಯಿತು. ಪಂಪಿನದು ಹೊಗೆ ಬಿಟ್ಟು ಕಪ್ಪಾಯಿತು, ನಿಂತಲ್ಲೇ ನಿಂತಿತು. ಬಟ್ಟಲಿನದರಲ್ಲಿ ಅರ್ಧ ಹರಿಯಿತು, ಅರ್ಧ ನಿಂತಿತು.

ಇನ್ನೊಮ್ಮೆ ಎರಡು ಚಿಟಿಕೆ ತೆಗೆದು, ಒಂದು ಡಬ್ಬಿಯದು, ಒಂದು ಪಂಪಿನದು, ಅಂಗೈಯಲ್ಲಿಟ್ಟು ಇನ್ನೊಂದು ಅಂಗೈಯಿಂದ ಉಜ್ಜತೊಡಗಿದೆ. ಬಹಳ ಹೊತ್ತು ಉಜ್ಜಿದೆ. ಅಂಗೈ ಎತ್ತಿ ಹಿಡಿದಾಗ ಬೂದು ನೀರು ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು.

"ಅಮರ್ ಹಾಕಿದ್ದು ಖರೆ ಅದ ರಿ. ನಾಕೂ ಬಟ್ಟಲಾಗ ಅದ. ಅದರ ಮ್ಯಾಲ ಈ ತಾಂಡೂರಿನ ಗ್ರೀಸ್ ಯಾರೋ ಹೊಡ್ದಾರ. ಜಾಯಿಂಟ್ ಮುರಿದಿದ್ದು ಅದಕ್ಕ. ಇವನ ಹಗ್ಗ ಬಿಚ್ಚಿಸ್ರಿ."

"ಝೂಟ್," ಎಂದ ವೀರಭದ್ರ. ಅವನ ಮುಖ ಬಿಳಿಚಿಕೊಂಡಿತ್ತು. "ಆ ಪಂಪ್ ನಮ್ದಲ್ಲ."

"ನಿಮ್ಮ ಜೀಪಿನಾಗೇ..."

ಮಾತು ಮುಗಿಯಲಿಲ್ಲ. ಸಲಾಕೆ ಕಿತ್ತುಕೊಂಡು ಬೀಸಿದ. ದವಡೆಗೆ ಬಿತ್ತು. ನಾನು ಟ್ರ್ಯಾಕ್ಟರಿನ ಪಾವಟಿಗೆಗೆ ಹೋಗಿ ಬಿದ್ದೆ. ನಾಲಿಗೆಯ ಮೇಲೆ ಎರಡು ಹಲ್ಲು ಸಿಕ್ಕವು, ಉಗುಳಿದೆ. ಅವನು ಮತ್ತೆ ಸಲಾಕೆ ಎತ್ತಿದ. ಈ ಸಲ ಅಮರನ ಬಲಗೈಗೆ. ಆಳಿಗೆ ಕೂಗಿದ: "ಹಿಡೀರೋ ಅವನ ಕೈ! ಶಾಫ್ಟಿಗೆ ಹಿಡೀರಿ! ಮಾಮಾ ಅಳಿಯಾ ಇಬ್ಬರೂ ಕೂಡಿ ಜಾದೂ ತೋರಸ್ಲಾಕ ಬಂದಾರ!"

ಒಬ್ಬ ಆಳು ಹಗ್ಗ ಸಡಿಲಿಸಿ ಅಮರನ ತೋಳು ಎಳೆದ. ಸ್ವರೂಪಾ ಆ ತೋಳಿಗೆ ಜೋತುಬಿದ್ದು ಆಳಿನ ಮಣಿಕಟ್ಟಿಗೆ ಹಲ್ಲೂರಿದಳು. ಅವನು ಅವಳ ತಲೆಯನ್ನು ಮಡ್ಗಾರ್ಡಿಗೆ ಬಡಿದ. ಅವಳು ಬಿಡಲಿಲ್ಲ.

"ಭದ್ರ್ಯಾ!"

ಶಕುಂತಲಾಬಾಯಿ ಬಾಗಿಲಿನಿಂದ ಇಳಿದು ಬಂದಿದ್ದಳು. ಟ್ರ್ಯಾಕ್ಟರಿನ ಸಪ್ಪಳಕ್ಕಿಂತ ಜೋರಾಗಿ ಆಕೆ ಕೂಗಿದ್ದು ನಾನು ಕೇಳಿದ್ದು ಅದೇ ಮೊದಲು.

"ಅದು ನಮ್ಮ ಪಂಪ್ ಅದ. ನೀ ಹೊಡ್ದೀದಿ."

"ಅವ್ವಾ, ಒಳಗ ನಡಿ."

"ಒಳಗ ಹೋಗಿ ಯಾರ ಮುಖ ನೋಡ್ಲಿ? ಖಂಡೇನವಮಿ ದಿನ ಹೊಡ್ದೀದಿ. ಗಾಡಿಗೆ ಕಾಯಿ ಒಡ್ಯೋಕ ಮೊದಲ ಮನಿ ಹಿರೀಮಗ ತನ್ನ ಕೈಲೆ ಗ್ರೀಸ್ ಕುಡಿಸಬೇಕು ಅಂತ ನಿಮ್ಮ ಅಪ್ಪ ಮಾಡಿದ ಪದ್ಧತಿ. ತಾಂಡೂರಿಂದ ಡಬ್ಬಿ ತಂದಿದ್ದು ನೀ. ಪಂಪಿಗೆ ಕುಂಕುಮ ಹಚ್ಚಿದ್ದು ನಾ. ನೋಡು, ಇನ್ನಾ ಅದ."

ನಾನೂ ನೋಡಿದೆ. ಪಂಪಿನ ಕೊಳವೆಯ ಮೇಲೆ ಜಿಡ್ಡಿನಲ್ಲಿ ಮೂರು ಬೆರಳಿನ ಕುಂಕುಮ ಹಾಗೇ ಕೂತಿತ್ತು. ಅಮರ್ ಕ್ರಾಸು ಹಾಕಿಕೊಟ್ಟದ್ದು ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಎಂಟು ದಿನ ಮೊದಲು. ಮೂರು ತಿಂಗಳು ಜೀಪು ಆ ನೀರಿನ ಮೇಲೆ ಓಡಿತ್ತು.

ಆಳು ಅಮರನ ತೋಳು ಬಿಟ್ಟ. ವೀರಭದ್ರ ಸಲಾಕೆ ಕೆಳಗೆ ಹಾಕಿದ. ತನ್ನ ಬಲಗೈಯನ್ನು, ಎಂದೂ ನೋಡಿರದ ವಸ್ತುವಿನಂತೆ, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಈ ಕೈ," ಎಂದ. "ಇದೇ ಕೈ ಅವ್ವಾ."

ಟ್ರ್ಯಾಕ್ಟರಿನ ಹಿಂದಕ್ಕೆ ಎರಡು ಹೆಜ್ಜೆ ನಡೆದು, ಆ ಕೈಯನ್ನು ಶಾಫ್ಟಿನ ಜಾಯಿಂಟಿಗೆ ಕೊಟ್ಟ.

ಮೊದಲು ಅಂಗಿಯ ತೋಳು ಸುತ್ತಿತು. ಆಮೇಲೆ ಕೈ. ಹಸಿ ಕಟ್ಟಿಗೆ ಮುರಿಯುವ ಸಪ್ಪಳ. ಅವನ ದೇಹ ಪೂರ್ತಿ ಶಾಫ್ಟಿನ ಕಡೆಗೆ ಜಗ್ಗಿ ಮುಖ ಮಡ್ಗಾರ್ಡಿಗೆ ಬಡಿಯಿತು. ಬಾಯಿಂದ ಬಂದ ಕೂಗು ಮನುಷ್ಯನದಾಗಿರಲಿಲ್ಲ. ಆಳುಗಳು ಹಿಂದಕ್ಕೆ ಸರಿದರು. ಶಕುಂತಲಾಬಾಯಿ ಓಡಿಬಂದು ಮಗನ ಸೊಂಟ ಹಿಡಿದು ಎಳೆದಳು; ಶಾಫ್ಟು ಆಕೆಯನ್ನೂ ಕೂಡಿಸಿ ಎಳೆಯಿತು.

ನಾನು ಪಾವಟಿಗೆ ಹಿಡಿದು ಎದ್ದಿದ್ದೆ. ಎಂಜಿನ್ ನಿಲ್ಲಿಸುವ ಗುಂಡಿ ಸ್ಟೇರಿಂಗಿನ ಪಕ್ಕದಲ್ಲಿರುತ್ತದೆ. ನನ್ನ ಕೈ ಅದರ ಮೇಲಿತ್ತು. ಎಳೆದರೆ ಸಾಕು.

ಎಳೆಯಲಿಲ್ಲ.

ಅಮರನ ಎಡಗೈ ನೋಡಿದೆ. ಸ್ವರೂಪಾಳ ಹಣೆಯಿಂದ ಇಳಿಯುತ್ತಿದ್ದ ರಕ್ತ ನೋಡಿದೆ. ಶಾಫ್ಟು ತಿರುಗುತ್ತಿತ್ತು. ಅದು ನಿಮಿಷಕ್ಕೆ ಐನೂರರ ಮೇಲೆ ತಿರುಗುತ್ತದೆ. ನಾನು ಎರಡು ಉಸಿರು ತೆಗೆದುಕೊಂಡೆ, ಅವಸರದ ಉಸಿರಲ್ಲ. ಆ ಹೊತ್ತಿನಲ್ಲಿ ಮೊಣಕೈಯವರೆಗೆ ಹೋಯಿತು. ಆಗ ಶಕುಂತಲಾಬಾಯಿ ಮಗನ ಭುಜದ ಮೇಲಿಂದ ತಲೆಯೆತ್ತಿ ನನ್ನ ಕಡೆ ನೋಡಿದಳು. ಗುಂಡಿ ಎಳೆದೆ.

ವೀರಭದ್ರ, ಅಮರ್ ಇಬ್ಬರನ್ನೂ ಅದೇ ಆಳುಗಳು ಒಂದೇ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಒಯ್ದರು. ವೀರಭದ್ರನ ಕೈಯನ್ನು ಹೈದರಾಬಾದಿನಲ್ಲಿ ಮೊಣಕೈಗೇ ಕತ್ತರಿಸಿದರು. ಅಮರನ ಎರಡು ಬೆರಳು ಮಡಚುವುದಿಲ್ಲ, ಒಂದು ಉಳಿಯಲಿಲ್ಲ. ರಾಶಿ ಮಾಡುವಾಗ ತನ್ನ ಕೈ ಯಂತ್ರಕ್ಕೆ ಸಿಕ್ಕಿತು ಎಂದು ವೀರಭದ್ರ ಪೊಲೀಸರ ಮುಂದೆ ಬರೆಸಿದ. ಅಮರ್ ಸುತ್ತಿಗೆಯ ಮಾತೇ ಎತ್ತಲಿಲ್ಲ. ನಾನು ಕೇಳಿದ್ದಕ್ಕೆ, "ಎತ್ತಿದ್ರ ಎಲ್ಲಾ ಎತ್ತಬೇಕಾಗ್ತದ," ಎಂದ. ಆಗ ಅವನ ಮಾತು ನನಗೆ ಪೂರಾ ಅರ್ಥವಾಗಲಿಲ್ಲ.

ಎರಡು ತಿಂಗಳ ಮೇಲೆ ನಾನು ತಾಂಡೂರಿಗೆ ಹೋದೆ. ಜೈಪಾಲನ ಅಂಗಡಿ ಮುಂದಿನ ಹಾಸುಗಲ್ಲಿನ ಮೇಲೆ ಕೂತೆ. ಡಬ್ಬಿ ಕೊಳ್ಳಲು ಬಂದವರಿಗೆಲ್ಲ, ಇದು ಭಟ್ಟಿಗೆ, ಗಾಡಿಗಲ್ಲ, ಹಳೆಯ ಗ್ರೀಸಿನ ಮೇಲೆ ಹೊಡೆಯಬೇಡಿ ಎಂದು ಹೇಳಿದೆ. ಕೇಳದವರಿಗೆ ಅಂಗೈಯಲ್ಲಿ ಉಜ್ಜಿ ತೋರಿಸಿದೆ.

ಎರಡನೇ ದಿನ ಜೈಪಾಲ ಹೊರಗೆ ಬಂದ. "ಏ ಮುದುಕಾ, ಮತ್ತ ಬಂದ್ಯಾ? ಬೆಂಕಿಗೆ ಕರಗಂಗಿಲ್ಲ ಅಂತ ಹೇಳ್ತೀನಿ. ಕರಗ್ತದೇನು? ನಾ ಏನ್ ಝೂಟ್ ಹೇಳೀನಿ?"

"ಇಲ್ರಿ. ಖರೇನೇ ಹೇಳೀರಿ."

"ಮತ್ತ ಗಿರಾಕಿ ಯಾಕ ಓಡಸ್ತಿ? ಕಾಲ್ ಮುರೀತೀನಿ ನೋಡು."

"ಮುರೀರಿ. ಕುಂತೇ ಹೇಳ್ತೀನಿ."

ಅವನು ಎದೆಗೆ ಕೈಯಿಟ್ಟು ನೂಕಿದ. ಚರಂಡಿಗೆ ಬಿದ್ದೆ. ಎದ್ದು ಧೋತರ ಹಿಂಡಿಕೊಂಡು ಮತ್ತೆ ಅಲ್ಲೇ ಕೂತೆ. ಮೂರನೇ ದಿನ ಅಮರ್ ನನ್ನನ್ನು ಹುಡುಕಿಕೊಂಡು ಬಂದ. ಕರೆದುಕೊಂಡು ಹೋಗಲು ಬಂದಿದ್ದವನು, ಪಕ್ಕದಲ್ಲಿ ಕೂತ. ಬಿಸಿಲು ಏರಿದ ಮೇಲೆ ಮಾತು ತೆಗೆದ.

"ಮಾಮಾ, ಅವತ್ತ ನಿಮ್ಮ ಕೈ ಗುಂಡಿ ಮ್ಯಾಲಿತ್ತು."

"ಹೂಂ."

"ಜಲ್ದಿ ಎಳೀಲಿಲ್ಲ ನೀವು."

"ಎಳೀಲಿಲ್ಲ."

"ನಾ ನೋಡ್ಲಾಕತ್ತಿದ್ದೆ. ಎಳೀಬ್ಯಾಡ್ರಿ, ಇನ್ನೊಂದೀಟು ಬಿಡ್ರಿ ಅಂತ ಮನಸ್ಸಿನಾಗ ಅನ್ಲಾಕತ್ತಿದ್ದೆ. ಪಟೇಲನ ಅವ್ವ ಬಾಯಿ ಬಿಟ್ಟಿದ್ದಕ್ಕ ನನ್ನ ಕೈ ಉಳೀತು. ಆಕಿ ಮಗನ ಕೈ ನಾವಿಬ್ಬರೂ ಕೂಡಿ ನೋಡ್ಕೋತ ನಿಂತೆವು." ಅವನು ಎಡಗೈಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡ. "ಯಾರಿಗೂ ಹೇಳಿಲ್ಲ ನಾ. ಸ್ವರೂಪಾಗೂ."

"ನಾ ಹೇಳಬೇಕು. ಪಟೇಲನ ಅವ್ವಗ."

"ಹೇಳಿದ್ರ ಏನಾಗ್ತದ ಮಾಮಾ?"

"ಗೊತ್ತಿಲ್ಲೋ. ಹೊಡೀಬಹುದು. ಹೊಡೀಲಿ."

"ನಾನೂ ಬರ್ತೀನಿ."

ಜಹೀರಾಬಾದಿನ ಬಸ್ಸು ಹಿಡಿದು, ಅಲ್ಲಿ ಇಳಿದು, ಮತ್ತೆ ನಾರಾಯಣಖೇಡದ್ದು ಹತ್ತಿದೆವು. ಕಲ್ಹೇರ್ ರಸ್ತೆಯಲ್ಲಿ ಆಟೋ ಇಳಿದಾಗ ಇನ್ನೂ ಬೆಳಕಿತ್ತು. ಅಂಗಳ ಗುಡಿಸಿದ್ದರು. ತೊಗರಿ ಕಟ್ಟಿಗೆಯ ಹೊರೆಗಳನ್ನು ಗೋಡೆಗೆ ಒಟ್ಟಿದ್ದರು. ಕದ ಬಡಿದೆ.

ತೆರೆದವನು ವೀರಭದ್ರ, ಎಡಗೈಯಿಂದ. ಬಲಗಡೆಯ ಅಂಗಿಯ ತೋಳನ್ನು ಮಡಚಿ ಪಿನ್ನು ಹಾಕಿತ್ತು. ಅವನ ಕಣ್ಣು ಮೊದಲು ಅಮರನ ಬೆರಳಿಗೆ ಹೋಯಿತು, ಆಮೇಲೆ ನನ್ನ ಹಲ್ಲು ಹೋದ ಬಾಯಿಗೆ. ಬಾಗಿಲು ಹಾಕಿಕೊಳ್ಳುತ್ತಾನೆ ಎಂದುಕೊಂಡೆ.

"ಅವ್ವ ಅದಾಳೇನ್ರಿ?" ಎಂದೆ.

"ಒಳಗ ಅದಾಳ," ಎಂದ. ಪಕ್ಕಕ್ಕೆ ಸರಿದ. "ಬರ್ರಿ."

ಚಪ್ಪಲಿ ಬಿಟ್ಟು ಒಳಗೆ ಹೋದೆವು.